ಅಚ್ಚು ಕತ್ತರಿಸಿದ ಸಾಹಸ

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೊಸ ಕಾರು ಸಿಗುವುದೇ ದುರ್ಲಭವಾಗಿತ್ತು. ರೇಸಿನ ಹುಚ್ಚು ಹತ್ತಿದವರು ಹಳೆಯ ಆಸ್ಟಿನ್ ಸೆವೆನ್, ಫೋರ್ಡ್ ಕಾರುಗಳನ್ನೇ ಶೆಡ್ಡಿನಲ್ಲಿ ಬಿಚ್ಚಿ ಕಟ್ಟುತ್ತಿದ್ದರು. ಇವುಗಳ ಮುಂದಿನ ಎರಡೂ ಚಕ್ರಗಳಿಗೆ ಒಂದೇ ಗಟ್ಟಿ ಅಚ್ಚು. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದೂ ವಾಲುತ್ತಿತ್ತು. ಇದಕ್ಕಿದ್ದ ಉಪಾಯಕ್ಕೆ ಎದೆಗಾರಿಕೆ ಬೇಕು: ಅಚ್ಚನ್ನು ನಡುವೆ ಕತ್ತರಿಸಿ, ಎರಡೂ ತುಂಡುಗಳನ್ನು ಕೀಲಿಗೆ ಜೋಡಿಸುವುದು! ಲೆಸ್ಲಿ ಬ್ಯಾಲಮಿ 1930ರ ದಶಕದಲ್ಲೇ ಇದನ್ನು ಬಳಕೆಗೆ ತಂದಿದ್ದರು. ಚಕ್ರಗಳು ಸ್ವತಂತ್ರವಾದವು ನಿಜ. ಮೇಲೆ ಕೆಳಗೆ ಆಡುವಾಗ ಓರೆಯೂ ಆಗುತ್ತಿದ್ದವು. ಕೀಲು ಸಡಿಲವಾದರಂತೂ ಪ್ರಾಣಕ್ಕೇ ಸಂಚಕಾರ. ಆದರೂ 1948ರಲ್ಲಿ ಲಂಡನ್ನಿನ ಗ್ಯಾರೇಜೊಂದರಲ್ಲಿ ಆಸ್ಟಿನ್ ಸೆವೆನ್ ಬಿಚ್ಚಿ ಮೊದಲ ಕಾರು ಕಟ್ಟಿದ ಕಾಲಿನ್ ಚಾಪ್‌ಮನ್, 1952ರ ಲೋಟಸ್ ಮಾರ್ಕ್ ಸಿಕ್ಸ್‌ಗೂ ಫೋರ್ಡಿನ ಕತ್ತರಿಸಿದ ಅಚ್ಚನ್ನೇ ಹಾಕಿದರು. ಬಿಡಿಭಾಗಗಳಾಗಿ ಮಾರಾಟವಾದ ಆ ಕಾರನ್ನು ಕೊಂಡವರು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು.