ವಾರ್ಸಾ ಅರಮನೆ

ಪೋಲೆಂಡಿನ ರಾಜಧಾನಿ ವಾರ್ಸಾದ ಹಳೆಯ ಪಟ್ಟಣದ ಅಂಚಿನಲ್ಲಿ, ವಿಸ್ಟುಲಾ ನದಿಯ ದಂಡೆಯ ದಿಬ್ಬದ ಮೇಲಿರುವ ಪುನರ್ನಿರ್ಮಿತ ರಾಜನಿವಾಸ, ಈಗ ವಸ್ತುಸಂಗ್ರಹಾಲಯ. 1791ರ ಮೇ 3ರಂದು ಪೋಲೆಂಡಿನ ಪ್ರಸಿದ್ಧ ಸಂವಿಧಾನ ಅಂಗೀಕಾರವಾದದ್ದು ಇಲ್ಲಿಯೇ.

1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆಯ ಶೆಲ್ ದಾಳಿಗೆ ಅರಮನೆ ಹೊತ್ತಿ ಉರಿಯಿತು. ರಾಷ್ಟ್ರೀಯ ವಸ್ತುಸಂಗ್ರಹಾಲಯದ ನೌಕರರು ಪ್ರಾಣಭಯ ಲೆಕ್ಕಿಸದೆ ಚಿತ್ರಗಳನ್ನು, ಬಾಗಿಲವಾಡಗಳನ್ನು, ಕೆತ್ತನೆಯ ತುಣುಕುಗಳನ್ನು ಹೊರಸಾಗಿಸಿದರು. ಅರಮನೆ ಇಂದು ಮತ್ತೆ ಎದ್ದು ನಿಂತಿರುವುದರಲ್ಲಿ ಅವರ ಈ ಧೈರ್ಯದ ಪಾಲು ದೊಡ್ಡದು ಎನ್ನಬೇಕು. 1944ರಲ್ಲಿ ಜರ್ಮನ್ನರು ಉಳಿದ ಗೋಡೆಗಳನ್ನೂ ಸಿಡಿಮದ್ದಿಟ್ಟು ಕೆಡವಿದರು.

ಮತ್ತೆ ಕಟ್ಟುವ ನಿರ್ಧಾರವಾದದ್ದು 1971ರಲ್ಲಿ. ಖರ್ಚಿಗೆ ದೇಶದ ಜನರೂ ಹೊರನಾಡ ಪೋಲಿಷರೂ ದೇಣಿಗೆ ಕೊಟ್ಟರು. 1939ರ ಬೆಂಕಿಯಲ್ಲಿ 11.15ಕ್ಕೆ ನಿಂತ ಗೋಪುರದ ಗಡಿಯಾರವನ್ನು 1974ರ ಜುಲೈ 19ರಂದು ಅದೇ ಹೊತ್ತಿಗೆ ಚಾಲೂ ಮಾಡಲಾಯಿತು. ಒಳಾಂಗಣ 1984ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹಳೆಯ ಪಟ್ಟಣ 1980ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಪ್ರವಾಸಿಗರು ಬಂಗಾರದ ಹೊಳಪಿನ ಸಭಾಂಗಣಗಳಲ್ಲೇ ಹೊತ್ತು ಕಳೆಯುವುದುಂಟು. ಆದರೆ ಹೊಸ ಗೋಡೆಗಳಲ್ಲಿ ಕೂರಿಸಿರುವ ಮೂಲ ಕಲ್ಲುಗಳನ್ನು ಹುಡುಕಿ ನೋಡದಿದ್ದರೆ ಭೇಟಿ ಅಪೂರ್ಣ. ಕೆನಲೆಟ್ಟೊ ಕೋಣೆಯಲ್ಲೂ ನಿಧಾನಿಸಬೇಕು: 18ನೆಯ ಶತಮಾನದ ವಾರ್ಸಾವನ್ನು ಕೆನಲೆಟ್ಟೊ ಎಂದೂ ಹೆಸರಾಗಿದ್ದ ಚಿತ್ರಕಾರ ಬೆರ್ನಾರ್ಡೊ ಬೆಲ್ಲೊಟ್ಟೊ ಎಷ್ಟು ಸೂಕ್ಷ್ಮವಾಗಿ ಚಿತ್ರಿಸಿದ್ದನೆಂದರೆ, ಯುದ್ಧಾನಂತರ ನಗರವನ್ನು ಮರಳಿ ಕಟ್ಟಿದವರು ಅವನ ಚಿತ್ರಗಳನ್ನು ಆಧಾರವಾಗಿ ಬಳಸಿಕೊಂಡರು.