ಲೈಬ್ರರಿ ಪೋರ್ಟಿಂಗ್

ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ತಂತ್ರಾಂಶ ಲೈಬ್ರರಿಯನ್ನು, ಅದರ ವರ್ತನೆ ಕೆಡದಂತೆ, ಇನ್ನೊಂದು ಭಾಷೆಯಲ್ಲಿ ಮತ್ತೆ ಬರೆಯುವ ಕೆಲಸ. ಮೂಲ ಲೈಬ್ರರಿಯನ್ನು ಹಾಗೇ ಉಳಿಸಿಕೊಂಡು ಬೇರೆ ಭಾಷೆಯಿಂದ ಅದನ್ನು ಕರೆಯುವ ಏರ್ಪಾಡು ಬೈಂಡಿಂಗ್. ಅದನ್ನು ಪೋರ್ಟ್ ಎಂದು ಎಣಿಸುವುದಿಲ್ಲ. ಜಾವಾದಲ್ಲಿರುವ ಹುಡುಕಾಟದ ಲೈಬ್ರರಿ ಲೂಸೀನ್‌ಗೆ ಸಿ ಶಾರ್ಪ್ ಭಾಷೆಯ ಲೂಸೀನ್ ಡಾಟ್ ನೆಟ್ ಒಂದು ಪೋರ್ಟ್. ಪೈಲೂಸೀನ್ ತನ್ನೊಳಗೆ ಜಾವಾವನ್ನೇ ಓಡಿಸುವುದರಿಂದ ಬೈಂಡಿಂಗ್.

ಹಿನ್ನೆಲೆ

ಫಾಂಟ್‌ಗಳನ್ನು ಪರದೆಯ ಮೇಲೆ ಮೂಡಿಸುವ ಫ್ರೀಟೈಪ್ 1996ರಲ್ಲಿ ಡೇವಿಡ್ ಟರ್ನರ್ ಅವರ ಕೈಯಲ್ಲಿ ಪಾಸ್ಕಲ್ ಭಾಷೆಯಲ್ಲಿ ಶುರುವಾಗಿ, ಬೇಗನೆ ಸಿ ಭಾಷೆಗೆ ಬಂತು. ಜಾನ್ ಗ್ರೂಬರ್ ಅವರ ಮಾರ್ಕ್‌ಡೌನ್ 2004ರಲ್ಲಿ ಪರ್ಲ್‌ನಲ್ಲಿ ಹುಟ್ಟಿ ಪಿಎಚ್‌ಪಿಗೂ ಇತರ ಭಾಷೆಗಳಿಗೂ ಹರಡಿತು. ಹಿಂದೆಲ್ಲ ಪೋರ್ಟ್‌ಗೆ ಕಾರಣ ಬಹುಮಟ್ಟಿಗೆ ‘ನಮ್ಮ ಭಾಷೆಯಲ್ಲೂ ಇರಲಿ’ ಎಂಬುದು. 2015ರ ಈಚೆಗೆ ಮೆಮೊರಿ ಸುರಕ್ಷತೆ ಮುಂದಕ್ಕೆ ಬಂದಿದೆ. ಚಿತ್ರಗಳ ಲೈಬ್ರರಿ ಲಿಬ್‌ಆರ್‌ಎಸ್‌ವಿಜಿ 2016ರಿಂದ ಸಿ ಭಾಷೆಯನ್ನು ಬಿಟ್ಟು ರಸ್ಟ್‌ಗೆ ಸಾಗತೊಡಗಿತು. ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ಗೋ ಭಾಷೆಗೆ ಒಯ್ಯುವುದಾಗಿ ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿದಾಗ ಹೇಳಿದ ಕಾರಣ ಮಾತ್ರ ವೇಗ.

ತೊಡಕುಗಳು

ವ್ಯಾಕರಣ ಬೇರೆಯಾದರೆ ಕಂಪೈಲರ್ ಕೂಗಿ ಹೇಳುತ್ತದೆ; ಅರ್ಥ ಬೇರೆಯಾದರೆ ಸುಮ್ಮನಿರುತ್ತದೆ. ‑7ನ್ನು 3ರಿಂದ ಭಾಗಿಸಿದಾಗ ಉಳಿಯುವ ಶೇಷ ಸಿ ಭಾಷೆಯಲ್ಲಿ ‑1, ಪೈಥಾನ್‌ನಲ್ಲಿ 2. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳಲ್ಲಿ 53 ಬಿಟ್ ದಾಟಿದ ಪೂರ್ಣಾಂಕ ನಿಖರವಾಗಿ ಉಳಿಯುವುದಿಲ್ಲ. ಪಠ್ಯದಲ್ಲಿ ಗೊಂದಲ ಇನ್ನೂ ಹೆಚ್ಚು: ‘ಕನ್ನಡ’ ಎಂಬ ಪದದ ಉದ್ದ ಪೈಥಾನ್‌ಗೂ ಜಾವಾಗೂ 5, ಯುಟಿಎಫ್‑8 ಬೈಟ್‌ಗಳಲ್ಲಿ ಅಳೆಯುವ ರಸ್ಟ್‌ಗೆ 15, ಓದುವವರಿಗೆ ಮೂರಕ್ಷರ.

ಹಾರ್ಫ್‌ಬಝ್‌ನಿಂದ ರಸ್ಟ್‌ಗೆ

ಕನ್ನಡ ಓದುಗರಿಗೆ ನೇರವಾಗಿ ತಟ್ಟುವ ಪೋರ್ಟ್ ಇದು. ಯೂನಿಕೋಡ್ ಸಂಕೇತಗಳ ಸಾಲನ್ನು ಫಾಂಟ್‌ನ ಆಕೃತಿಗಳಾಗಿ ಜೋಡಿಸುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು; ಒತ್ತಕ್ಷರ, ಕಾಗುಣಿತಗಳು ಸರಿಯಾಗಿ ಕೂರುವುದು ಇದರಿಂದಲೇ. ಬೆಹದಾದ್ ಎಸ್ಫಹಬೋದ್ ಮುನ್ನಡೆಸಿದ, ಸಿ ಪ್ಲಸ್ ಪ್ಲಸ್‌ನಲ್ಲಿರುವ ಹಾರ್ಫ್‌ಬಝ್ ಈ ಕೆಲಸವನ್ನು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಮಾಡುತ್ತದೆ. ಅದರ ರಸ್ಟ್ ಪೋರ್ಟ್ ರಸ್ಟಿಬಝ್. ಆರಂಭದಲ್ಲಿ ಸಿ ಪ್ಲಸ್ ಪ್ಲಸ್ ಸಂಕೇತವನ್ನೇ ಒಳಗಿಟ್ಟುಕೊಂಡು, ಒಂದೊಂದೇ ಭಾಗವನ್ನು ಕಳಚಿ ರಸ್ಟ್‌ನಲ್ಲಿ ಬರೆಯುತ್ತ ಹೋದ ಕೆಲಸವಿದು. ಪ್ರತಿ ಹಂತದಲ್ಲೂ ಪೂರ್ತಿ ಲೈಬ್ರರಿ ಓಡುವ ಸ್ಥಿತಿಯಲ್ಲಿರುತ್ತದೆ, ಮೂಲದ ಪರೀಕ್ಷೆಗಳನ್ನು ಅದರ ಮೇಲೆ ಹರಿಸಬಹುದು ಎಂಬುದು ಈ ಕ್ರಮದ ದೊಡ್ಡ ಅನುಕೂಲ.

ಹಾರ್ಫ್‌ಬಝ್‌ನ ಭಾರತೀಯ ಲಿಪಿಗಳ ಭಾಗ ಕೇವಲ ನಿಯಮಗಳನ್ನು ನೋಡಿ ಬರೆದದ್ದಲ್ಲ. ಫಾಂಟ್ ತಯಾರಕರು ತಮ್ಮ ಫಾಂಟ್‌ಗಳನ್ನು ಒರೆಹಚ್ಚಿ ನೋಡುತ್ತಿದ್ದುದು ವಿಂಡೋಸ್‌ನ ಯೂನಿಸ್ಕ್ರೈಬ್ ಎಂಬ ಶೇಪರ್ ಮೇಲೆ. ಹಾಗಾಗಿ ಹಾರ್ಫ್‌ಬಝ್‌ನವರು ಕನ್ನಡದ ಸುಮಾರು 9.5 ಲಕ್ಷ ಪದಗಳನ್ನು ಎರಡೂ ಶೇಪರ್‌ಗಳಿಗೆ ಕೊಟ್ಟು, ಫಲಿತಾಂಶ ಹೋಲಿಸಿ, ವ್ಯತ್ಯಾಸಗಳನ್ನು ತಿದ್ದುತ್ತ ಬಂದರು. ಈ ಪರಿಶ್ರಮ ಸಂಕೇತದಲ್ಲಿ ಅಲ್ಲಲ್ಲಿ ಅಪವಾದಗಳಾಗಿ ಉಳಿದಿದೆ. ಅವುಗಳಲ್ಲಿ ಎರಡನ್ನು ವಿವರವಾಗಿ ನೋಡಬೇಕು.

ಮೊದಲನೆಯದು ರಕಾರದ್ದು. ‘ಸೂರ್ಯ’ ಬರೆಯುವಾಗ ಯಕಾರದ ಮುಂದೆ ಅರ್ಕಾವತ್ತು ಇಡುವುದು ರೂಢಿ. ರಕಾರವನ್ನು ಪೂರ್ತಿ ಬರೆದು ಯ ಒತ್ತು ಕೊಡುವುದೂ ಉಂಟು. ಎರಡನೆಯ ರೂಪ ಬೇಕಾದರೆ ರ, ಜೀರೋ ವಿಡ್ತ್ ಜಾಯ್ನರ್ (ಕಣ್ಣಿಗೆ ಕಾಣದ ಜೋಡಣೆಯ ಸಂಕೇತ), ಹಲಂತ, ಯ ಎಂಬ ಕ್ರಮದಲ್ಲಿ ಸಂಕೇತಗಳಿರಬೇಕೆಂದು ಯೂನಿಕೋಡ್ ಹೇಳುತ್ತದೆ. ಆದರೆ ಹಲಂತ ಮೊದಲು, ಜಾಯ್ನರ್ ಆಮೇಲೆ ಇರುವ ಹಳೆಯ ಬಳಕೆಯೂ ಇದೆ. ಆದ್ದರಿಂದ ಲಿಪಿ ಕನ್ನಡವಾಗಿದ್ದು, ಅಕ್ಷರಗುಚ್ಛದ ಆರಂಭದಲ್ಲೇ ಈ ಹಳೆಯ ಕ್ರಮ ಕಂಡರೆ ಹಾರ್ಫ್‌ಬಝ್ ಎರಡನ್ನೂ ಅದಲುಬದಲು ಮಾಡುತ್ತದೆ.

ಎರಡನೆಯದು ಹಲಂತದ್ದು. ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಹಳೆಯ ವಿಧಾನದ ಫಾಂಟ್‌ಗಳಲ್ಲಿ ಒತ್ತಿನ ಆಕೃತಿ ವ್ಯಂಜನ ಮತ್ತು ಅದರ ನಂತರದ ಹಲಂತದಿಂದ ಮೂಡುತ್ತದೆ. ಹೊಸ ವಿಧಾನದಲ್ಲಿ ಹಲಂತವೇ ಮೊದಲು. ಹಳೆಯ ಫಾಂಟ್‌ಗಳಿಗಾಗಿ ಹಾರ್ಫ್‌ಬಝ್ ಮೂಲಾಕ್ಷರದ ನಂತರದ ಹಲಂತವನ್ನು ಕೊನೆಯ ವ್ಯಂಜನದ ಆಚೆಗೆ ಸಾಗಿಸುತ್ತದೆ. ‘ಟೆಸ್ಟ್’ ಎಂಬಂಥ ಪದದಲ್ಲಿ ಕೊನೆಗೆ ಆಗಲೇ ಒಂದು ಹಲಂತ ಇರುತ್ತದಲ್ಲ! ಅಲ್ಲಿ ದೇವನಾಗರಿ, ಬಂಗಾಳಿ, ಮಲಯಾಳಂಗಳಲ್ಲಿ ಯೂನಿಸ್ಕ್ರೈಬ್ ಯಾವ ಷರತ್ತೂ ಇಲ್ಲದೆ ಸಾಗಿಸುತ್ತಿತ್ತು, ಕನ್ನಡದಲ್ಲಿ ಸಾಗಿಸುತ್ತಿರಲಿಲ್ಲ. ಸಂಕೇತದಲ್ಲಿ ಅದಕ್ಕೆ ಒಂದೇ ಸಾಲಿನ ವಿನಾಯಿತಿ ಇದೆ, ಕನ್ನಡಕ್ಕೆ ಮಾತ್ರ.

ಓಪನ್‌ಟೈಪ್ ನಿಯಮಗಳನ್ನಷ್ಟೇ ಓದಿ ಹೊಸದಾಗಿ ಶೇಪರ್ ಬರೆಯಹೊರಟವರಿಗೆ ಇಂಥ ಸಾಲುಗಳು ಹೊಳೆಯುವುದು ಕಷ್ಟ. ರಸ್ಟಿಬಝ್ ಮೂಲವನ್ನು ಹತ್ತಿರದಿಂದ ಅನುಸರಿಸಿದ್ದು, ಹಾರ್ಫ್‌ಬಝ್‌ನ ಪರೀಕ್ಷೆಗಳನ್ನೇ ತನ್ನ ಪರೀಕ್ಷೆಗಳಾಗಿ ಇಟ್ಟುಕೊಂಡದ್ದು ಈ ಕಾರಣಕ್ಕೆ ಸರಿಯಾದ ಆಯ್ಕೆ ಎನ್ನಬಹುದು. ಎಲ್ಲವನ್ನೂ ಅದು ತರಲಿಲ್ಲ. ಫಾಂಟ್‌ನಿಂದ ಬೇಕಾದ ಅಕ್ಷರಗಳನ್ನಷ್ಟೇ ಆಯ್ದುಕೊಡುವ ಸಬ್‌ಸೆಟ್ ಭಾಗವನ್ನು ಕೈಬಿಟ್ಟಿತು. ಫಾಂಟ್ ಕಡತ ಓದುವ ಹೊಣೆಯನ್ನು ಟಿಟಿಎಫ್‑ಪಾರ್ಸರ್ ಎಂಬ ಬೇರೆ ಲೈಬ್ರರಿಗೆ ವಹಿಸಿತು. ರಸ್ಟ್‌ನ ಸುರಕ್ಷತಾ ನಿಯಮಗಳನ್ನು ಸಡಿಲಿಸುವ ‘ಅನ್‌ಸೇಫ್’ ಭಾಗಗಳನ್ನು ಬಳಸದಿರುವ ಪಣವನ್ನೂ ತೊಟ್ಟಿತು. ಅದರ ಕರ್ತೃಗಳೇ ಒಪ್ಪಿಕೊಂಡಂತೆ, ಮೂಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ನಿಧಾನ.

ಪರವಾನಗಿ

ಪೋರ್ಟನ್ನು ಸಾಮಾನ್ಯವಾಗಿ ಮೂಲದಿಂದ ಹುಟ್ಟಿದ ಕೃತಿ ಎಂದೇ ಪರಿಗಣಿಸುವುದರಿಂದ ಮೂಲದ ಷರತ್ತುಗಳು ಜೊತೆಗೇ ಬರುತ್ತವೆ. ಮೊಜಿಲ್ಲಾದ ಸಂಕೇತವನ್ನು ಆಧರಿಸಿ ಮಾರ್ಕ್ ಪಿಲ್‌ಗ್ರಿಮ್ ಪೈಥಾನ್‌ಗೆ ತಂದ ಚಾರ್‌ಡೆಟ್ ಎಲ್‌ಜಿಪಿಎಲ್ ಪರವಾನಗಿಯಲ್ಲೇ ಹೊರಬಂತು.

ನಿರ್ವಹಣೆ

ಮೂಲ ಬೆಳೆಯುತ್ತಲೇ ಇರುವುದರಿಂದ ಪೋರ್ಟ್ ಹಿಂದೆ ಬೀಳುವುದು ಸಾಮಾನ್ಯ. ಲೂಸೀನ್ ಡಾಟ್ ನೆಟ್ 4.8ರ ಬೀಟಾದಲ್ಲಿ ವರ್ಷಗಟ್ಟಲೆ ನಿಂತಿದ್ದಾಗ ಜಾವಾ ಲೂಸೀನ್ 9ನೆಯ ಆವೃತ್ತಿ ತಲುಪಿತ್ತು. ರಸ್ಟಿಬಝ್‌ನ ಕಥೆ ಬೇರೆ ತಿರುವು ಪಡೆಯಿತು: ಅದರ ಕವಲಾಗಿ ಹುಟ್ಟಿದ ಹಾರ್ಫ್‌ರಸ್ಟ್ 2025ರಲ್ಲಿ ಹಾರ್ಫ್‌ಬಝ್ ಯೋಜನೆಯ ಆಶ್ರಯದಲ್ಲೇ ಬಿಡುಗಡೆಯಾಗಿ, ಫಾಂಟ್ ಓದಲು ಟಿಟಿಎಫ್‑ಪಾರ್ಸರ್ ಬದಲು ಗೂಗಲ್‌ನ ಫಾಂಟೇಶನ್ಸ್ ಯೋಜನೆಯ ರೀಡ್‑ಫಾಂಟ್ಸನ್ನು ಬಳಸುತ್ತಿದೆ.