ಎರಡನೆಯ ಪರೀಕ್ಷೆ

ಸರ್ಕಾರಿ ಕೆಲಸಕ್ಕೆ ಸೇರಬೇಕೆನ್ನುವವನು ಎರಡು ಪರೀಕ್ಷೆಗಳನ್ನು ದಾಟಬೇಕು. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದು. ಅದಕ್ಕೆ ಪಠ್ಯವುಂಟು, ದಿನಾಂಕವುಂಟು, ಅಂಕಗಳುಂಟು. ಎರಡನೆಯದಕ್ಕೆ ಇವು ಯಾವುವೂ ಇಲ್ಲ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೆ, ನೇಮಕದ ಆದೇಶ ಕೈಗೆ ಬರುವ ಮುನ್ನ, ಅದು ನಡೆಯುತ್ತದೆ. ಹುಟ್ಟಿದ ದಿನ ನಿಜವೆ, ಪಡೆದ ಪದವಿ ನಿಜವೆ, ಹೇಳಿದ ಜಾತಿ ನಿಜವೆ, ಮೈಯಲ್ಲಿ ಆರೋಗ್ಯ ಉಂಟೆ, ಪೊಲೀಸರ ಪುಸ್ತಕದಲ್ಲಿ ಹೆಸರು ಇಲ್ಲವಷ್ಟೆ? ಹೀಗೆ ಒಂದೊಂದು ಪ್ರಶ್ನೆಯೂ ಒಂದೊಂದು ಕಚೇರಿಗೆ ಹೋಗಿ, ಉತ್ತರ ಹೊತ್ತು ಹಿಂದಿರುಗಬೇಕು. ಈ ಪರೀಕ್ಷೆಯಲ್ಲಿ ಅಭ್ಯರ್ಥಿ ಬರೆಯುವುದು ಏನೂ ಇಲ್ಲ. ಅವನ ವಿಚಾರವಾಗಿ ಕಚೇರಿಗಳೇ ಬರೆಯುತ್ತವೆ. ಅವನ ಪಾಲಿಗೆ ಉಳಿಯುವುದು ಕಾಯುವುದೊಂದೇ.

ಈ ಕಾಯುವಿಕೆಯನ್ನು ಕಚೇರಿಗಳ ಸೋಮಾರಿತನವೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸವನ್ನು ನೋಡಿದರೆ, ಈ ಪರೀಕ್ಷೆ ಏಕೆ ಹುಟ್ಟಿತು, ಎಲ್ಲಿ ದಾರಿ ತಪ್ಪುತ್ತದೆ ಎಂಬೆರಡೂ ತಿಳಿಯುತ್ತವೆ.

ರಾಜನ ಸೇವೆಗೆ ಬರುವವನನ್ನು ಒರೆಗೆ ಹಚ್ಚಿ ನೋಡಬೇಕೆಂಬ ವಿಚಾರ ನಮ್ಮಲ್ಲಿ ಬಹು ಹಳೆಯದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಗೆಯ ಗುಪ್ತಪರೀಕ್ಷೆಗಳನ್ನು ಅಲ್ಲಿ ಹೇಳಿದೆ. ಧರ್ಮದ ಪರೀಕ್ಷೆಯಲ್ಲಿ ಗೆದ್ದವನಿಗೆ ನ್ಯಾಯಸ್ಥಾನ, ಅರ್ಥದ ಪರೀಕ್ಷೆಯಲ್ಲಿ ಗೆದ್ದವನಿಗೆ ಬೊಕ್ಕಸ. ನಾಲ್ಕರಲ್ಲೂ ಗೆದ್ದವನು ಮಂತ್ರಿ. ಎಲ್ಲದರಲ್ಲೂ ಸೋತವನನ್ನು ಗಣಿಗೋ ಆನೆಗಳ ಕಾಡಿಗೋ ಕಳುಹಿಸಬೇಕಂತೆ! ಇಷ್ಟನ್ನು ಹಿಂದಿನ ಆಚಾರ್ಯರ ಮತವೆಂದು ಹೇಳಿದ ಮೇಲೆ ಕೌಟಿಲ್ಯ ತನ್ನ ಮಾತೊಂದನ್ನು ಸೇರಿಸುತ್ತಾನೆ. ಶುದ್ಧವಾದ ನೀರಿಗೆ ವಿಷ ಹಾಕಿದಂತೆ, ಕೆಡದೆ ಇದ್ದ ಮನುಷ್ಯನನ್ನು ಪರೀಕ್ಷೆಯೇ ಕೆಡಿಸಬಾರದು. ಒಮ್ಮೆ ಕದಡಿದ ಮನಸ್ಸು ಮೊದಲಿನ ಸ್ಥಿತಿಗೆ ಬರದೆ ಹೋಗಬಹುದು ಎಂಬುದು ಅದರ ಅಭಿಪ್ರಾಯ. ಸಂಶಯವನ್ನೇ ರಾಜ್ಯಶಾಸ್ತ್ರದ ಒಂದು ಅಂಗವಾಗಿ ಮಾಡಿದವನು ಸಂಶಯಕ್ಕೂ ಒಂದು ಮೇರೆ ಇರಬೇಕೆಂದು ಕಂಡಿದ್ದನು.

ಮಂತ್ರಿಗಳ ಮಾತು ಹಾಗಿರಲಿ. ನಮ್ಮ ಹಳ್ಳಿಗಳಲ್ಲಿ ಸರ್ಕಾರದ ಕೆಲಸವೆಂದರೆ ಬಹುಕಾಲ ಶಾನುಭೋಗಿಕೆ ಮತ್ತು ಪಟೇಲಿಕೆ. ಅವು ವಂಶಪಾರಂಪರ್ಯವಾಗಿ ಬಂದ ಕೆಲಸಗಳು. ಅಲ್ಲಿ ಪೂರ್ವಾಪರ ವಿಚಾರಣೆಯ ಗೊಡವೆಯೇ ಇರಲಿಲ್ಲ. ‘ಇಂಥವರ ಮನೆಯ ಹುಡುಗ’ ಎಂದರೆ ಮುಗಿಯಿತು, ಊರೇ ಸಾಕ್ಷಿ. ಆದರೆ ಆ ಸಾಕ್ಷಿ ಕೆಲವೇ ಮನೆಗಳಿಗೆ ಮಾತ್ರ ಸಲ್ಲುತ್ತಿತ್ತು. ಮಿಕ್ಕವರ ಮಕ್ಕಳು ಎಷ್ಟೇ ಜಾಣರಾದರೂ ಆ ಕಡತಗಳನ್ನು ಮುಟ್ಟುವಂತಿರಲಿಲ್ಲ. 1961ರ ಕಾಯಿದೆಯಿಂದ, 1963ರ ಫೆಬ್ರವರಿ 1ರಂದು, ಈ ವಂಶಪಾರಂಪರ್ಯದ ಗ್ರಾಮಾಧಿಕಾರ ನಮ್ಮ ರಾಜ್ಯದಲ್ಲಿ ಕೊನೆಗೊಂಡಿತು. ಯಾರು ಬೇಕಾದರೂ ಅರ್ಜಿ ಹಾಕಬಹುದೆಂದಾದಾಗ, ಅರ್ಜಿ ಹಾಕಿದವನು ಯಾರೆಂದು ಕೇಳುವ ಅಗತ್ಯವೂ ಹುಟ್ಟಿತು. ಆದುದರಿಂದ ಎರಡನೆಯ ಪರೀಕ್ಷೆಯನ್ನು ಬರಿಯ ಪೀಡೆಯೆಂದು ಹೇಳಲಾಗದು. ಬಾಗಿಲು ಎಲ್ಲರಿಗೂ ತೆರೆದುದಕ್ಕೆ ನಾವು ತೆರುವ ಸುಂಕವದು.

ಈ ಸುಂಕದ ಕಟ್ಟೆ ಮೊದಲು ದೊಡ್ಡದಾಗಿ ಎದ್ದುನಿಂತದ್ದು ಸ್ಪರ್ಧಾ ಪರೀಕ್ಷೆಗಳ ಜೊತೆಯಲ್ಲಿ. ಇಂಡಿಯನ್ ಸಿವಿಲ್ ಸರ್ವಿಸಿಗೆ 1855ರಿಂದ ಲಂಡನ್ನಿನಲ್ಲಿ ಬಹಿರಂಗ ಪರೀಕ್ಷೆ ನಡೆಯತೊಡಗಿತು. 1869ರಲ್ಲಿ ಅದರಲ್ಲಿ ತೇರ್ಗಡೆಯಾದ ಸುರೇಂದ್ರನಾಥ ಬ್ಯಾನರ್ಜಿಯವರ ಹೆಸರನ್ನು ವಯಸ್ಸಿನ ಕಾರಣ ಹೇಳಿ ಪಟ್ಟಿಯಿಂದ ತೆಗೆದುಹಾಕಿದರು. ಮೆಟ್ರಿಕ್ಯುಲೇಷನ್ ದಾಖಲೆಯಲ್ಲಿ ಬರೆಸಿದ ವಯಸ್ಸನ್ನು ಹಿಡಿದು ಎಣಿಸಿದರೆ ಅವರು 21 ದಾಟಿದ್ದರು. ನಮ್ಮ ಮನೆಗಳಲ್ಲಿ ಇಂದಿಗೂ ‘ಹದಿನಾರರಲ್ಲಿ ನಡೆಯುತ್ತಿದೆ’ ಎನ್ನುವುದು ಬೇರೆ, ‘ಹದಿನಾರು ತುಂಬಿತು’ ಎನ್ನುವುದು ಬೇರೆ. ಬಂಗಾಳದಲ್ಲಿಯೂ ಹಾಗೆಯೇ, ನಡೆಯುತ್ತಿರುವ ವರ್ಷವನ್ನೇ ವಯಸ್ಸೆಂದು ಹೇಳುವ ವಾಡಿಕೆ. ಇಂಗ್ಲಿಷರ ಲೆಕ್ಕಕ್ಕೆ ಇದು ಸುಳ್ಳಾಗಿ ಕಂಡಿತು. ಸುರೇಂದ್ರನಾಥರು ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೊರೆಹೊಕ್ಕರು. ಕೊನೆಗೆ ಅವರ ಹೆಸರು ಮತ್ತೆ ಪಟ್ಟಿಗೆ ಬಂದಿತು. ಅಭ್ಯರ್ಥಿ ಸತ್ಯವಂತನಾಗಿದ್ದರೂ, ಅವನ ಸತ್ಯಕ್ಕೂ ಕಚೇರಿಯ ನಮೂನೆಗೂ ಹೊಂದಿಕೆಯಾಗದೆ ಹೋಗಬಹುದೆಂಬುದಕ್ಕೆ ಇದು ಹಳೆಯ ನಿದರ್ಶನ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವ ದಿನ ಮೇಷ್ಟ್ರೇ ಲೆಕ್ಕ ಹಾಕಿ ಹುಟ್ಟಿದ ದಿನ ಬರೆದ ಹುಡುಗರೆಷ್ಟೋ ಮಂದಿ! ಸೇವಾ ಪುಸ್ತಕದಲ್ಲಿ ಒಮ್ಮೆ ನಿಂತ ಆ ದಿನವನ್ನು ಮನಬಂದಾಗ ತಿದ್ದುವಂತಿಲ್ಲವೆಂದು 1974ರಲ್ಲಿ ನಮ್ಮ ರಾಜ್ಯ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಬರವಣಿಗೆಯಲ್ಲಿ ಗೆದ್ದು ಕುದುರೆಯ ಬೆನ್ನಿನ ಮೇಲೆ ಸೋತವರೂ ಉಂಟು. ಅರವಿಂದ ಘೋಷರು 1890ರಲ್ಲಿ ಅದೇ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಎರಡು ವರ್ಷ ಉಮೇದುವಾರಿ ನಡೆಸಿ, 1892ರಲ್ಲಿ ಕುದುರೆ ಸವಾರಿಯ ಪರೀಕ್ಷೆ ದಾಟದೆ ಕೆಲಸ ಕಳೆದುಕೊಂಡರು. ಅವರಿಗೆ ಆ ಕೆಲಸದಲ್ಲಿ ಮನಸ್ಸಿರಲಿಲ್ಲವೆಂಬುದು ಬೇರೆ ಮಾತು.

ಮೈಸೂರು ಸಂಸ್ಥಾನದಲ್ಲಿಯೂ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಬಂದಿತು. ಮಾಸ್ತಿಯವರು 1914ರಲ್ಲಿ ಸೇವೆಗೆ ಸೇರಿದ್ದು ಆ ದಾರಿಯಿಂದ. ಆದರೆ ಪರೀಕ್ಷೆಯ ಬಾಗಿಲು ತೆರೆದಿದ್ದರೂ ಒಳಗೆ ಬಂದವರು ಹೆಚ್ಚಾಗಿ ಒಂದೇ ವರ್ಗದವರೆಂಬ ದೂರು ಬೆಳೆಯಿತು. 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಸಮಾಜಗಳಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. ಹುದ್ದೆ ಜಾತಿಯನ್ನು ನೋಡಿ ದೊರೆಯುವುದಾದರೆ, ಜಾತಿಗೂ ದಾಖಲೆ ಬೇಕಾಗುತ್ತದೆ. ಇಂದು ನಮ್ಮ ಜಿಲ್ಲಾ ಸಮಿತಿಗಳು ಕೊಡುವ ‘ಸಿಂಧುತ್ವ ಪ್ರಮಾಣಪತ್ರ’ದ ಬೇರು ಇಲ್ಲಿದೆಯೆನ್ನಬಹುದು. ಮೀಸಲಾತಿಯ ಕುರಿತ 1990ರ ಕಾಯಿದೆ ಮತ್ತು ಅದರ ನಿಯಮಗಳು ಈ ಪರಿಶೀಲನೆಗೆ ಈಗಿನ ರೂಪ ಕೊಟ್ಟವು. ಇದನ್ನು ಬೇಡವೆನ್ನುವಂತಿಲ್ಲ. ಸುಳ್ಳು ಜಾತಿಪತ್ರ ತಂದವನು ಸರ್ಕಾರಕ್ಕೆ ಮಾತ್ರ ಮೋಸಮಾಡುವುದಿಲ್ಲ. ನಿಜವಾಗಿ ಹಕ್ಕುಳ್ಳ ಒಬ್ಬ ಬಡವನ ಅನ್ನವನ್ನೇ ಕಸಿಯುತ್ತಾನೆ.

ಸ್ವಾತಂತ್ರ್ಯ ಬಂದ ಮೇಲೆ ಈ ಪರೀಕ್ಷೆಯ ಪ್ರಶ್ನೆಗಳು ಕಡಿಮೆಯಾದವೆಂದು ತಿಳಿಯಬಾರದು. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗ ಅವರಿಂದ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂಬ ಮುಚ್ಚಳಿಕೆ ಬರೆಸಿಕೊಂಡರು. ಜೊತೆಯಲ್ಲಿ ಸೇರಿದ ಗಂಡಸರಿಗೆ ಆ ಪ್ರಶ್ನೆಯೇ ಇರಲಿಲ್ಲ. ಮೂವತ್ತು ವರ್ಷಗಳ ನಂತರ, 1979ರಲ್ಲಿ, ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಖಂಡಿಸಿದರು. ಆದರೆ ಹೆಣ್ಣಿನ ಮದುವೆ ಕಚೇರಿಯ ಕಡತಗಳಿಂದ ಹೊರಗೆ ಹೋಗಲಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕ ಹೊರಟಾಗ, ಮದುವೆಯಾದ ಅಭ್ಯರ್ಥಿ ಕೊಡಬೇಕಾದ ಜಾತಿ, ಆದಾಯದ ಪತ್ರ ತಂದೆಯದೋ ಗಂಡನದೋ ಎಂಬ ಪ್ರಶ್ನೆ ಎದ್ದಿತು. ವಿಚಾರ ಹೈಕೋರ್ಟಿಗೆ ಹೋಯಿತು. 2023ರ ಜನವರಿಯಲ್ಲಿ ಪಟ್ಟಿ ನಿಂತಿತು. ವಿಭಾಗೀಯ ಪೀಠ ಅಕ್ಟೋಬರಿನಲ್ಲಿ ನೇಮಕಕ್ಕೆ ದಾರಿ ಬಿಡುವವರೆಗೆ ಸಾವಿರಾರು ಮಂದಿ, ಗಂಡಸರೂ ಹೆಂಗಸರೂ, ಕಾದು ಕುಳಿತರು. ಅರ್ಜಿ ಕರೆಯುವ ಮುನ್ನವೇ ಕಚೇರಿ ಉತ್ತರಿಸಿಕೊಳ್ಳಬೇಕಾಗಿದ್ದ ಪ್ರಶ್ನೆಗೆ ಅಭ್ಯರ್ಥಿಗಳು ತಮ್ಮ ಒಂದು ವರ್ಷವನ್ನು ತೆತ್ತರು.

ಪೊಲೀಸರ ವರದಿಯ ಕಥೆ ಇನ್ನೊಂದು. ಮಧ್ಯಪ್ರದೇಶದಲ್ಲಿ ಉಪಾಧ್ಯಾಯರೊಬ್ಬರನ್ನು, ಅವರು ಹಿಂದೆ ಒಂದು ಪಕ್ಷದ ಮತ್ತು ಒಂದು ಸಂಘದ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರೆಂಬ ಪೊಲೀಸ್ ವರದಿಯ ಮೇಲೆ ಕೆಲಸದಿಂದ ತೆಗೆದರು. 1983ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕಾನೂನು ಮೀರದ ರಾಜಕೀಯ ನಂಬಿಕೆಗಾಗಿ ಒಬ್ಬನ ಜೀವನೋಪಾಯವನ್ನು ಕಿತ್ತುಕೊಳ್ಳುವುದು ಸಂವಿಧಾನಕ್ಕೆ ಹೊರತಾದದ್ದೆಂದು ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು. ಮುಂದೆ ನಮ್ಮ ರಾಜ್ಯದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದವರೂ ಅವರೇ. 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತು: ಅಭ್ಯರ್ಥಿ ಏನನ್ನೂ ಮುಚ್ಚಿಡದೆ ನಿಜವನ್ನೇ ಬರೆಯಬೇಕು, ಆದರೆ ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣಗಳನ್ನು ಕಚೇರಿ ವಿವೇಚನೆಯಿಂದ ಮನ್ನಿಸಬಹುದು.

ತುಮಕೂರಿನ ಅಂಚಿನ ನಮ್ಮ ಸತ್ಯಮಂಗಲದಂಥ ಕಡೆಗಳಲ್ಲಿ ಈ ಪರೀಕ್ಷೆ ಹೇಗೆ ನಡೆಯುತ್ತದೆಂಬುದನ್ನು ಕಾಲೇಜಿನಲ್ಲಿ ಪಾಠ ಹೇಳುವವರು ಸ್ವಲ್ಪ ಹತ್ತಿರದಿಂದಲೇ ಬಲ್ಲರು. ಓದಿದ ಕಾಲೇಜಿನಿಂದ ನಡತೆಯ ಪತ್ರ ಬೇಕು. ಬಂಧುಗಳಲ್ಲದ ಇಬ್ಬರು ಗೌರವಸ್ಥರಿಂದಲೂ ಬೇಕು. ಹಿಂದಿನ ಕಾಲದ ‘ಇಂಥವರ ಮನೆಯ ಹುಡುಗ’ ಎಂಬ ಸಾಕ್ಷ್ಯ ಈ ಹಾಳೆಯಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿದೆ. ಹುಡುಗ ನಾಚುತ್ತ ಬಂದು ನಿಲ್ಲುತ್ತಾನೆ. ನಾವು ಎರಡು ನಿಮಿಷದಲ್ಲಿ ರುಜು ಹಾಕಿ ಹರಸಿ ಕಳುಹಿಸುತ್ತೇವೆ. ಆಮೇಲೆ ಅವನು ತಾಲ್ಲೂಕು ಕಚೇರಿ, ಜಿಲ್ಲಾಸ್ಪತ್ರೆ, ಪೊಲೀಸ್ ಠಾಣೆ, ವಿಶ್ವವಿದ್ಯಾನಿಲಯ ಎಂದು ಸುತ್ತತೊಡಗುತ್ತಾನೆ. ಇದ್ದ ಖಾಸಗಿ ಕೆಲಸವನ್ನು ಬಿಡಲೂ ಆಗದು, ಬಿಡದಿರಲೂ ಆಗದು. ಮನೆಯಲ್ಲಿ ತಂಗಿಯ ಮದುವೆಯ ಮಾತು ‘ಇವನಿಗೆ ಆರ್ಡರ್ ಬರಲಿ’ ಎಂದು ನಿಂತಿರುತ್ತದೆ. ಎದುರು ಸಿಕ್ಕವರೆಲ್ಲ ಕೇಳುವುದು ಒಂದೇ: ‘ಇನ್ನೂ ಬಂದಿಲ್ಲವೇನಪ್ಪಾ?’ ನಾಲ್ಕು ತಿಂಗಳು ಕಳೆದರೆ ಆ ಪ್ರಶ್ನೆಯಲ್ಲಿ ಸಣ್ಣದೊಂದು ಸಂಶಯವೂ ಬೆರೆಯುತ್ತದೆ. ಏನೂ ತಪ್ಪು ಮಾಡದವನು ತಲೆ ತಗ್ಗಿಸಿ ನಡೆಯುವಂತಾಗುತ್ತದೆ. ಕೌಟಿಲ್ಯ ಹೇಳಿದ ಕದಡಿದ ಮನಸ್ಸು ಇದೇ ಅಲ್ಲವೆ?

ಇವು ತಿಂಗಳುಗಳ ಮಾತಾಯಿತು. ವರ್ಷಗಳ ಮಾತೂ ಉಂಟು. 2011ರಲ್ಲಿ ಲೋಕಸೇವಾ ಆಯೋಗ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. 2014ರಲ್ಲಿ ಪಟ್ಟಿ ಬಂದಿತು. ಅಕ್ರಮದ ಆರೋಪದ ಮೇಲೆ ಸರ್ಕಾರ ಅದೇ ವರ್ಷ ಅದನ್ನು ಹಿಂದೆಗೆದುಕೊಂಡಿತು. 2016ರಲ್ಲಿ ಆಡಳಿತ ನ್ಯಾಯಮಂಡಳಿ ನೇಮಿಸಿರೆಂದಿತು. 2018ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ಕೊನೆಗೆ 2022ರಲ್ಲಿ ವಿಧಾನಮಂಡಲ ಒಂದು ಕಾಯಿದೆಯ ಮೂಲಕ ಆಯ್ಕೆಯನ್ನು ಊರ್ಜಿತಗೊಳಿಸಿತು. ಹನ್ನೊಂದು ವರ್ಷಗಳು! ತಪ್ಪು ಮಾಡಿದವರು ಆ ಪಟ್ಟಿಯಲ್ಲಿ ಇದ್ದಿರಬಹುದು. ಓದಿ ಗೆದ್ದವರೂ ಇದ್ದಿರಲೇಬೇಕು. ಕಾಯುವಿಕೆ ಇಬ್ಬರನ್ನೂ ಒಂದೇ ಸಮನಾಗಿ ದಂಡಿಸಿತು. ಶೋಧನೆಯ ಕೆಲಸ ಜಳ್ಳನ್ನೂ ಕಾಳನ್ನೂ ಬೇರೆಮಾಡುವುದು. ಎರಡನ್ನೂ ಮೊರದಲ್ಲೇ ಇಟ್ಟುಕೊಂಡು ಕೂಡುವುದಲ್ಲ.

ಇದಕ್ಕಿಂತ ವಿಚಿತ್ರವಾದುದು ಪಶ್ಚಿಮ ಬಂಗಾಳದ ಒಂದು ಪ್ರಕರಣ. ಕಣ್ಣಿನ ಚಿಕಿತ್ಸೆಯ ಸಹಾಯಕರೊಬ್ಬರು 1985ರಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದರು. ಅವರ ಪೂರ್ವಾಪರದ ಪೊಲೀಸ್ ವರದಿ ಇಲಾಖೆಗೆ ತಲುಪಿದ್ದು 2010ರಲ್ಲಿ, ಅಂದರೆ 25 ವರ್ಷಗಳ ತರುವಾಯ! ಪೂರ್ವ ಪಾಕಿಸ್ತಾನದಿಂದ ಬಂದ ಕುಟುಂಬ ಅವರದು. ಅವರು ಭಾರತದ ಪ್ರಜೆಯಲ್ಲವೆಂದು ವರದಿ ಹೇಳಿತು. ನಿವೃತ್ತಿಯ ಹೊಸ್ತಿಲಲ್ಲಿ ಕೆಲಸ ಹೋಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ವಜಾ ಆದೇಶವನ್ನು ತಳ್ಳಿಹಾಕಿ, ಎಲ್ಲ ರಾಜ್ಯಗಳ ಪೊಲೀಸರಿಗೂ ಒಂದು ಗಡುವು ವಿಧಿಸಿತು: ಇಂಥ ಪರಿಶೀಲನೆ ನೇಮಕದ ದಿನದಿಂದ ಆರು ತಿಂಗಳೊಳಗೆ ಮುಗಿಯತಕ್ಕದ್ದು.

ಈ ಆರು ತಿಂಗಳೆಂಬ ಮಾತು ಸಣ್ಣದಾಗಿ ಕಾಣಬಹುದು. ಆದರೆ ಇದರಲ್ಲಿ ಬಹಳ ಕಾಲದಿಂದ ಯಾರೂ ಕೇಳದೆ ಇದ್ದ ಒಂದು ಪ್ರಶ್ನೆಗೆ ಉತ್ತರವಿದೆ. ಪರೀಕ್ಷೆಯ ಕೊಠಡಿಯಲ್ಲಿ ಅಭ್ಯರ್ಥಿ ಐದು ನಿಮಿಷ ತಡವಾದರೆ ಬಾಗಿಲು ಮುಚ್ಚುತ್ತೇವೆ. ಅವನನ್ನು ಪರೀಕ್ಷಿಸುವ ಕಚೇರಿ ತಡಮಾಡಿದರೆ ಏನು ಮಾಡಬೇಕು? ಕೇಳುವ ದಾಖಲೆಗಳನ್ನೆಲ್ಲ ಒಮ್ಮೆ ನೆನೆದು ನೋಡಿ. ಹುಟ್ಟಿನ ದಾಖಲೆ ಇರುವುದು ಸರ್ಕಾರದ ಪುಸ್ತಕದಲ್ಲಿ, ಜಾತಿಯ ದಾಖಲೆ ತಾಲ್ಲೂಕು ಕಚೇರಿಯಲ್ಲಿ, ಅಂಕಗಳು ವಿಶ್ವವಿದ್ಯಾನಿಲಯದಲ್ಲಿ, ಮೊಕದ್ದಮೆಗಳ ಪಟ್ಟಿ ಠಾಣೆಯಲ್ಲಿ. ಸರ್ಕಾರ ತನ್ನ ಒಂದು ಕೈಯಲ್ಲಿರುವುದನ್ನು ಇನ್ನೊಂದು ಕೈಯಿಂದ ಕೇಳುತ್ತಿದೆ. ನಡುವೆ ಓಡಾಡುವವನು ಹುಡುಗ. ಸಂಬಳ ಶುರುವಾಗುವುದು ಕೆಲಸಕ್ಕೆ ಹಾಜರಾದ ದಿನದಿಂದ. ಅವನು ಕಾದ ದಿನಗಳಿಗೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ.

ಪರಿಶೀಲನೆ ಬೇಕು, ಅದನ್ನು ಬಿಟ್ಟರೆ ಮತ್ತೆ ‘ಇಂಥವರ ಮನೆಯ ಹುಡುಗ’ನ ಕಾಲಕ್ಕೇ ಹೋಗಬೇಕಾದೀತು. ಆದರೆ ಪರೀಕ್ಷೆಯೆಂದ ಮೇಲೆ ಅದಕ್ಕೊಂದು ಕೊನೆಯ ಗಂಟೆ ಇರಬೇಕು. ಯಾವ ಕಚೇರಿಯಲ್ಲಿ ಯಾವ ಕಾಗದ ಎಷ್ಟು ದಿನದಿಂದ ನಿಂತಿದೆಯೆಂಬುದು ಕಾಯುವವನಿಗೆ ತಿಳಿಯಬೇಕು. ಸಂಶಯ ಬಂದರೆ ಅದನ್ನು ಅವನ ಮುಖಕ್ಕೆ ಹೇಳಿ ಉತ್ತರ ಕೇಳಬೇಕು. ಗಡುವು ಮೀರಿದ ತಡ ಕಚೇರಿಯದಾದರೆ ಅದರ ನಷ್ಟವೂ ಕಚೇರಿಯದೇ ಆಗಬೇಕು. ನಾಳೆ ಸರ್ಕಾರದ ಮೇಜಿನ ಆ ಕಡೆ ಕುಳಿತು ಜನರ ಅರ್ಜಿಗಳನ್ನು ನೋಡಬೇಕಾದವನು ಇಂದು ಈ ಕಡೆ ನಿಂತು ಕಲಿಯುತ್ತಿದ್ದಾನೆ. ಅವನಿಗೆ ನಾವು ಕಾಯಿಸುವುದನ್ನೇ ಕಲಿಸಿದರೆ, ಮುಂದೆ ಅವನ ಮುಂದೆ ನಿಲ್ಲುವ ರೈತನೂ ವಿಧವೆಯೂ ಅದರ ಫಲವನ್ನು ಉಣ್ಣುತ್ತಾರೆ.